ಹುಡುಗ ಇನ್ನೂ ಹದಕ್ಕೆ ಬಂದಿಲ್ಲ

ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನವರ 2025ರ ಪ್ರಹಸನ ನಿಮಗೆ ಗೊತ್ತೇ ಇದೆ. ಇರುವುದು ಒಂದು ಕ್ವಾರ್ಟರ್‌ಬ್ಯಾಕ್ ಜಾಗ, ಅಂದರೆ ಚೆಂಡು ಎಸೆದು ಆಟ ನಡೆಸುವವನ ಜಾಗ. ಅದಕ್ಕೆ ನಾಲ್ವರು. ನಲವತ್ತು ವರ್ಷದ ಜೋ ಫ್ಲಾಕೊ, ಕೆನಿ ಪಿಕೆಟ್, ಸಾಲದ್ದಕ್ಕೆ ಒಂದೇ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ವರ್ಷದ ಸಂತೆ) ತಂದ ಇಬ್ಬರು ರೂಕಿಗಳು, ಅಂದರೆ ಮೊದಲ ವರ್ಷದ ಆಟಗಾರರು: ಮೂರನೇ ಸುತ್ತಿನ ಡಿಲನ್ ಗೇಬ್ರಿಯಲ್, ಐದನೇ ಸುತ್ತಿನ ಶೆಡ್ಯೂರ್ ಸ್ಯಾಂಡರ್ಸ್. ಒಂದು ಹಸೆಮಣೆ, ನಾಲ್ಕು ಬಾಸಿಂಗ. ಆಮೇಲೆ ತಿಂಗಳುಗಟ್ಟಲೆ ಒಂದೇ ಚರ್ಚೆ, ಸ್ಯಾಂಡರ್ಸ್‌ನನ್ನು ಇಳಿಸುವುದು ಯಾವಾಗ?

ಉತ್ತರವೂ ಒಂದೇ: ಹುಡುಗ ಇನ್ನೂ ರೆಡಿ ಇಲ್ಲ.

ರೆಡಿ ಅಂದರೇನು? ನಮ್ಮಜ್ಜಿ ಮೈಸೂರು ಪಾಕ್ ಮಾಡುವಾಗ ಪಾಕದ ಒಂದು ತೊಟ್ಟನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದು ನೋಡುತ್ತಿದ್ದಳು. ಎಳೆ ಬಂತೋ, ಹಿಟ್ಟು ಸುರಿ. ಬರಲಿಲ್ಲವೋ, ಬಾಯಿ ಮುಚ್ಚಿಕೊಂಡು ಕಾಯಿ. ಈ ಆಟದ ಕೋಟ್ಯಂತರ ಡಾಲರಿನ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆ ಎಳೆ ಇವತ್ತಿನವರೆಗೂ ಯಾರ ಬೆರಳಿಗೂ ಹತ್ತಿಲ್ಲ.

ಕಾಯಿಸಿ ಅನ್ನುವವರು ಆರನ್ ರಾಡ್ಜರ್ಸ್‌ನನ್ನು ತೋರಿಸುತ್ತಾರೆ. ಬ್ರೆಟ್ ಫಾವ್ರ್ ಬೆನ್ನ ಹಿಂದೆ ಮೂರು ವರ್ಷ ಕೂತಿದ್ದ. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಆಡಿದ್ದು ಒಂದೇ ಮ್ಯಾಚ್, ಮರುವರ್ಷ 50 ಟಚ್‌ಡೌನ್ ಪಾಸ್, ಅಂದರೆ ನೇರ ಅಂಕ ತಂದ ಎಸೆತ. ಇಳಿಸಿ ಅನ್ನುವವರ ಹತ್ತಿರ ಪೇಟನ್ ಮ್ಯಾನಿಂಗ್ ಇದ್ದಾನೆ. 1998ರಲ್ಲಿ ಮೊದಲ ದಿನದಿಂದ ಆಡಿ 28 ಇಂಟರ್‌ಸೆಪ್ಷನ್ ಎಸೆದ (ಎದುರಾಳಿಯ ಕೈಗೇ ಹೋದ ಪಾಸ್), ರೂಕಿಗಳಲ್ಲಿ ಆ ದಾಖಲೆ ಇನ್ನೂ ಅವನದೇ. ಹಾಲ್ ಆಫ್ ಫೇಮ್‌ಗೂ ಹೋದ. ಎರಡು ಪಂಚಾಂಗ, ಎರಡು ತಿಥಿ. ಯಾವ ಜೋಯಿಸರೂ ಸುಳ್ಳಾಗುವ ಮಾತೇ ಇಲ್ಲ.

ನನ್ನ ಪ್ರಕಾರ ಈ ವಿಷಯದಲ್ಲಿ ಅಮೆರಿಕ ಕಂಡ ಅತಿ ದೊಡ್ಡ ತಜ್ಞ ಒಂದು ಸೂಜಿ. 2020ರಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಜಸ್ಟಿನ್ ಹರ್ಬರ್ಟ್ ಬಂದಿದ್ದ. ರೆಡಿ ಇಲ್ಲ, ಟೈರಾಡ್ ಟೇಲರ್ ಆಡಲಿ ಅಂತ ತೀರ್ಮಾನ. ಟೇಲರ್‌ಗೆ ಪಕ್ಕೆಲುಬು ನೋವು. ಎರಡನೇ ಮ್ಯಾಚಿಗೆ ಮುಂಚೆ ತಂಡದ ಡಾಕ್ಟರು ನೋವಿನ ಇಂಜೆಕ್ಷನ್ ಕೊಡಲು ಹೋಗಿ ಶ್ವಾಸಕೋಶಕ್ಕೇ ಚುಚ್ಚಿಬಿಟ್ಟರು. ಆಟ ಶುರುವಾಗಲು ಕೆಲವೇ ನಿಮಿಷ ಇದ್ದಾಗ ಹರ್ಬರ್ಟ್‌ಗೆ, ‘ಹೋಗಪ್ಪ, ನೀನೇ’. ಎದುರಿಗೆ ಹಾಲಿ ಚಾಂಪಿಯನ್ ಕನ್ಸಾಸ್ ಸಿಟಿ. ಹುಡುಗ ಮುನ್ನೂರು ಗಜಕ್ಕೂ ಹೆಚ್ಚು ಎಸೆದು ಪಂದ್ಯವನ್ನು ಓವರ್‌ಟೈಮ್‌ವರೆಗೆ ಎಳೆದ. ಮ್ಯಾಚ್ ಮುಗಿದ ಮೇಲೆ ಕೋಚ್ ಆಂಟನಿ ಲಿನ್ ಹೇಳಿದ್ದೇನು? ಟೇಲರ್ ಪೂರ್ತಿ ಗುಣವಾದರೆ ಅವನೇ ಸ್ಟಾರ್ಟರ್! ಸೂಜಿಗೆ ಇದ್ದಷ್ಟು ಕಣ್ಣೂ ಇರಲಿಲ್ಲ. ಹರ್ಬರ್ಟ್ ಆ ವರ್ಷ 31 ಟಚ್‌ಡೌನ್ ಪಾಸ್ ಎಸೆದ, ಸೀಸನ್ ಮುಗಿಯುತ್ತಿದ್ದಂತೆ ಲಿನ್ ಮನೆಗೆ ಹೋದರು.

ಅಟ್ಲಾಂಟಾದವರದು ಇನ್ನೊಂದು ಬಗೆಯ ಐಶ್ವರ್ಯ. 2024ರ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್‌ಗೆ 18 ಕೋಟಿ ಡಾಲರಿನ ಒಪ್ಪಂದ, ಏಪ್ರಿಲ್‌ನಲ್ಲಿ ಎಂಟನೇ ಆಯ್ಕೆಯಾಗಿ ಮೈಕಲ್ ಪೆನಿಕ್ಸ್. ಡಿಸೆಂಬರ್‌ನಲ್ಲಿ ಕಸಿನ್ಸ್ ಬೆಂಚಿಗೆ. ಬೆಂಚೂ ಅಷ್ಟು ದುಬಾರಿ ಆಗಬಹುದು ಅಂತ ಗೊತ್ತಿರಲಿಲ್ಲ.

ನಗುವಷ್ಟು ನಕ್ಕಾಯಿತು. 2002ರಲ್ಲಿ ಆಗಷ್ಟೇ ಹುಟ್ಟಿದ್ದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಡೇವಿಡ್ ಕಾರ್‌ನನ್ನು ಮೊದಲ ದಿನವೇ ಇಳಿಸಿತು. ಒಂದು ಸೀಸನ್‌ನಲ್ಲಿ 76 ಸಲ ಅವನನ್ನು ನೆಲಕ್ಕೆ ಕೆಡವಿದರು. ಎಪ್ಪತ್ತಾರು. 2023ರಲ್ಲಿ ಕ್ಯಾರೊಲಿನಾದ ಬ್ರೈಸ್ ಯಂಗ್‌ನನ್ನು 62 ಸಲ. ಮರುವರ್ಷ ಎರಡೇ ಮ್ಯಾಚ್ ಆಡಿಸಿ ಕೂರಿಸಿದರು. ಮುಂದೆ ನಿಂತು ಕಾಯಬೇಕಾದವರು ಬೇಲಿಯ ಹಾಗೆ ಬಿದ್ದುಹೋಗುತ್ತಿದ್ದರೆ ಹಿಂದಿರುವ ಹುಡುಗ ಏನು ಕಲಿಯುತ್ತಾನೆ, ಬೀಳುವುದನ್ನೇ? ಆದರೂ ಹದ ನೋಡುವುದು ಅವನದೊಂದೇ. ತಂಡ ಕಟ್ಟಿದವನದಲ್ಲ, ದುಡ್ಡು ಹಾಕಿದವನದಲ್ಲ. ಸಾಕಾಗಿ ಹೋಗಿದೆ ಇದನ್ನು ಕೇಳಿ ಕೇಳಿ.

ಇರಲಿ, ಬ್ರೌನ್ಸ್‌ಗೆ ಬರೋಣ. ಪಿಕೆಟ್‌ನನ್ನು ಮಾರಿದರು, ಫ್ಲಾಕೊನನ್ನೂ ಸಿನ್ಸಿನಾಟಿಗೆ ದಾಟಿಸಿದರು. ನವೆಂಬರ್‌ನಲ್ಲಿ ಬಾಲ್ಟಿಮೋರ್ ವಿರುದ್ಧ ಗೇಬ್ರಿಯಲ್ ತಲೆಗೆ ಪೆಟ್ಟು ಬಿತ್ತು. ಸೂಜಿ ಮಾಡಿದ ಕೆಲಸವನ್ನು ಇಲ್ಲಿ ಪೆಟ್ಟು ಮಾಡಿತು. ಸ್ಯಾಂಡರ್ಸ್ ಇಳಿದ. 16 ಪಾಸ್‌ನಲ್ಲಿ ಕೈ ಸೇರಿದ್ದು ನಾಲ್ಕು.

‘ನೋಡಿದಿರಾ, ನಾವು ಹೇಳಲಿಲ್ಲವಾ, ಹದಕ್ಕೆ ಬಂದಿಲ್ಲ’ ಅಂದರು ಟೀವಿಯವರು.

ಮುಂದಿನ ಭಾನುವಾರ ಲಾಸ್ ವೇಗಸ್‌ನಲ್ಲಿ 24–10ರಿಂದ ಗೆದ್ದ.

‘ನೋಡಿದಿರಾ, ಕಾಯಿಸಿದ್ದು ಎಷ್ಟು ಒಳ್ಳೆಯದಾಯಿತು!’