ಲಸಿಕೆಯ ಬೆಲೆ ಮತ್ತು ದಾನಿಯ ಆದ್ಯತೆ

ಬಿಲ್ ಗೇಟ್ಸ್ ಅವರ ಕುರಿತು ಈಚೆಗೆ ನಾನು ಓದಿದ ಲೇಖನವೊಂದು, ಬಡವರ ಕಾಯಿಲೆಗಳತ್ತ ಮಾರುಕಟ್ಟೆ ತಾನಾಗಿ ಗಮನ ಹರಿಸುವುದಿಲ್ಲ ಎಂಬ ಅವರ ವಾದವನ್ನು ಸರಿಯಾಗಿಯೇ ಮುಂದಿಟ್ಟಿದೆ. ಆದರೆ ಹೊಸ ಆವಿಷ್ಕಾರವೊಂದೇ ಇದಕ್ಕೆ ಪರಿಹಾರ ಎಂಬ ಅದರ ಧ್ವನಿಯನ್ನು ನಾನು ಒಪ್ಪಲಾರೆ.

ಮೆದುಳಿನ ಪೊರೆಗೆ ತಗಲುವ ಸೋಂಕಾದ ಮೆನಿಂಜೈಟಿಸ್‌ನ ‘ಎ’ ಬಗೆಯ ವಿರುದ್ಧದ ಲಸಿಕೆಯನ್ನೇ ನೋಡಿ. ಸಹಾರಾದ ದಕ್ಷಿಣದ ದೇಶಗಳು ಆಗಾಗ ಈ ಸಾಂಕ್ರಾಮಿಕಕ್ಕೆ ತುತ್ತಾಗುತ್ತಿದ್ದರೂ, ಲಾಭವಿಲ್ಲದ ಕಾರಣ ದೊಡ್ಡ ಔಷಧ ಕಂಪನಿಗಳು ಆಸಕ್ತಿ ತೋರಿರಲಿಲ್ಲ. ಗೇಟ್ಸ್ ಪ್ರತಿಷ್ಠಾನದ ಹಣ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಪಾತ್ (PATH) ಎಂಬ ಲಾಭರಹಿತ ಆರೋಗ್ಯ ಸಂಸ್ಥೆಗಳ ಯೋಜನೆ, ಅಮೆರಿಕದ ಸರ್ಕಾರಿ ಪ್ರಯೋಗಾಲಯದ ತಂತ್ರಜ್ಞಾನ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ತಯಾರಿಕಾ ಸಾಮರ್ಥ್ಯ ಇವೆಲ್ಲ ಕೂಡಿದ್ದರಿಂದ 2010ರಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಆ ಲಸಿಕೆಯ ಸಾಮೂಹಿಕ ಅಭಿಯಾನ ಆರಂಭವಾಯಿತು. ಒಂದು ಡೋಸಿನ ಬೆಲೆ 50 ಸೆಂಟ್‌ಗಿಂತ ಕಡಿಮೆ ಇರಬೇಕೆಂದು ಆಫ್ರಿಕಾದ ಆರೋಗ್ಯಾಧಿಕಾರಿಗಳ ಮಾತಿನಂತೆ ಮೊದಲೇ ಗೊತ್ತುಪಡಿಸಿಕೊಂಡು, ಆ ಬೆಲೆಗೆ ತಕ್ಕಂತೆ ಲಸಿಕೆಯನ್ನು ರೂಪಿಸಿದ್ದು ನನ್ನ ದೃಷ್ಟಿಯಲ್ಲಿ ಇಲ್ಲಿನ ನಿಜವಾದ ನಾವೀನ್ಯ.

ಗೇಟ್ಸ್ ಅವರ ಸಂಪತ್ತಿನ ವಿಷಯದಲ್ಲಿ ಲೇಖನ ಇನ್ನಷ್ಟು ನಿಷ್ಠುರವಾಗಿರಬೇಕಿತ್ತು. ತಮ್ಮ ಬಹುತೇಕ ಆಸ್ತಿಯನ್ನು ದಾನ ಮಾಡಿ 2045ಕ್ಕೆ ಪ್ರತಿಷ್ಠಾನವನ್ನು ಮುಚ್ಚುವುದಾಗಿ ಅವರು 2025ರಲ್ಲಿ ಘೋಷಿಸಿದ್ದು ಮೆಚ್ಚತಕ್ಕದ್ದೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಗೆ ಅತಿ ಹೆಚ್ಚು ಹಣ ನೀಡುವವರಲ್ಲಿ ಯಾರಿಂದಲೂ ಚುನಾಯಿತವಲ್ಲದ ಒಂದು ಖಾಸಗಿ ಪ್ರತಿಷ್ಠಾನವಿದ್ದು, ಆ ಹಣದ ದೊಡ್ಡ ಭಾಗ ಪೋಲಿಯೊದಂಥ ಗೊತ್ತುಪಡಿಸಿದ ಕಾರ್ಯಗಳಿಗೆ ಮೀಸಲಾಗಿರುವಾಗ, ಹಳ್ಳಿಯ ಆರೋಗ್ಯ ಕೇಂದ್ರ, ದಾದಿಯರ ಸಂಬಳ, ಶುದ್ಧ ನೀರು ಇವುಗಳ ಸರದಿಯನ್ನು ನಿರ್ಧರಿಸುವವರು ಯಾರು? ಸದಸ್ಯ ರಾಷ್ಟ್ರಗಳು ಆ ಸಂಸ್ಥೆಗೆ ಕೊಡುವ ತಮ್ಮ ಕಡ್ಡಾಯ ವಂತಿಗೆಯನ್ನು ಸಾಕಷ್ಟು ಹೆಚ್ಚಿಸದೆ ದಾನಿಯೊಬ್ಬರನ್ನೇ ದೂರುವುದು ನ್ಯಾಯವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.