ಅವರು ಕಿತ್ತೊಗೆದದ್ದನ್ನು ನಾವೇಕೆ ಜೋಪಾನ ಮಾಡುತ್ತಿದ್ದೇವೆ?

ಮೊನ್ನೆ ಒಂದೇ ಸಂಜೆ ಎರಡು ಕೆಲಸ ಮುಗಿಸೋಣವೆಂದು ಕುಳಿತೆ. ಮೊದಲನೆಯದು ಸಿಯೋಲಿನ ನನ್ನ ಬ್ಯಾಂಕಿನದು, ಬಾಡಿಗೆ ಮನೆಯ ಮುಂಗಡಕ್ಕೆ ತೆಗೆದ ಸಾಲದ ಅವಧಿ ವಿಸ್ತರಿಸುವುದು. ಬ್ರೌಸರ್ ತೆರೆದೆ, ಫೋನಿನ ಮೇಲೆ ಬೆರಳೊತ್ತಿ ನಾನೇ ಎಂದು ದೃಢಪಡಿಸಿದೆ, ಒಪ್ಪಂದದ ಕೆಳಗೆ ಸಹಿ ಬಿತ್ತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಎರಡನೆಯದು ಊರಿನದು. ಅಪ್ಪನ ಹೆಸರಿನಲ್ಲಿ ನಾವು ಅಣ್ಣತಮ್ಮಂದಿರು ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಅದರ ವಾರ್ಷಿಕ ಲೆಕ್ಕಕ್ಕೆ ನಾನು ಡಿಜಿಟಲ್ ಸಹಿ ಹಾಕಬೇಕಿತ್ತು. ಸಹಿಯ ಕೀಲಿಯನ್ನು ಒಳಗಿಟ್ಟುಕೊಂಡ, ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್ ಅನ್ನು ಕಳೆದ ರಜೆಯಲ್ಲೇ ತಂದಿಟ್ಟುಕೊಂಡಿದ್ದೆ. ಜಾಲತಾಣ ಮಾತ್ರ ನನ್ನನ್ನು ಒಳಗೆ ಬಿಡಲಿಲ್ಲ. ಸಹಿ ಹಾಕುವ ತಂತ್ರಾಂಶವನ್ನು ಮೊದಲು ಇಳಿಸಿಕೊಳ್ಳಿ, ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಟೋಕನ್ ತಯಾರಕರ ಚಾಲಕ ತಂತ್ರಾಂಶ ಬೇರೆ ಬೇಕು, ಆಂಟಿವೈರಸ್ ತಡೆದರೆ ಅದನ್ನು ನಿಲ್ಲಿಸಿ ಎಂದು ಪುಟ ಸೂಚನೆ ಕೊಡುತ್ತಿತ್ತು. ನನ್ನದು ಮ್ಯಾಕ್. ರಾತ್ರಿ ಒಂದು ಗಂಟೆಯವರೆಗೆ ಒದ್ದಾಡಿ ಅಣ್ಣನಿಗೆ ಫೋನ್ ಮಾಡಿದೆ.

"ನೀನು ಅಲ್ಲಿ ಕುಳಿತು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ?" ಎಂದ ಅಣ್ಣ. "ಟೋಕನ್ ಕೊರಿಯರ್ ಮಾಡು. ಸೈಬರ್ ಸೆಂಟರಿನ ಹುಡುಗನ ಹತ್ತಿರ ಇದಕ್ಕೆಂದೇ ಒಂದು ಹಳೆಯ ಕಂಪ್ಯೂಟರ್ ಇದೆ. ಹತ್ತು ನಿಮಿಷದ ಕೆಲಸ."

"ಇದಕ್ಕೆಂದೇ ಒಂದು ಹಳೆಯ ಕಂಪ್ಯೂಟರ್" ಎಂಬ ಆ ಮಾತು ನನಗೆ ಚುಚ್ಚಿತು. ಅದನ್ನು ಮೊದಲು ಕೇಳಿದ್ದು ಊರಿನಲ್ಲಿ ಅಲ್ಲ, ಇಲ್ಲಿ. 2009ರಲ್ಲಿ ನಾನು ಕೊರಿಯಾಕ್ಕೆ ಬಂದಾಗ ಸಹೋದ್ಯೋಗಿಗಳ ಮನೆಗಳಲ್ಲಿ ಬ್ಯಾಂಕಿನ ವ್ಯವಹಾರಕ್ಕೆಂದೇ ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇರುತ್ತಿತ್ತು. ಜಗತ್ತಿನಲ್ಲೇ ಅತಿ ವೇಗದ ಇಂಟರ್‌ನೆಟ್ ಇದ್ದ ದೇಶಗಳ ಸಾಲಿನಲ್ಲಿದ್ದ ನಾಡು ಇದು. ಆದರೂ ಇಲ್ಲಿ ಹಣ ಕಳುಹಿಸಬೇಕಾದರೆ ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬೇಕಿತ್ತು, ಅದರೊಳಗೆ ಆಕ್ಟಿವ್‌ಎಕ್ಸ್ ಪ್ಲಗ್‌ಇನ್‌ಗಳು, ಅಂದರೆ ಆ ಬ್ರೌಸರಿಗೆ ಅಂಟಿಸುವ ಪುಟ್ಟ ಹೆಚ್ಚುವರಿ ತಂತ್ರಾಂಶಗಳು, ಬೇಕಿದ್ದವು. ಒಂದಲ್ಲ, ನಾಲ್ಕೈದು. ಸಹಿಗೊಂದು, ಕೀಲಿಮಣೆಯ ರಕ್ಷಣೆಗೊಂದು, ಫೈರ್‌ವಾಲ್ ಎಂದೊಂದು. ಪ್ರತಿ ಬ್ಯಾಂಕಿನದೂ ಬೇರೆ. ಪ್ರತಿಯೊಂದೂ ಒಂದು ಕಿಟಕಿ ತೆರೆದು ಒಪ್ಪಿಗೆ ಕೇಳುತ್ತಿತ್ತು; ಓದದೆ ‘ಯೆ’, ಅಂದರೆ ‘ಹೌದು’, ಒತ್ತುವುದನ್ನು ಒಂದಿಡೀ ಜನಾಂಗ ಅಭ್ಯಾಸ ಮಾಡಿಕೊಂಡಿತ್ತು. ಭದ್ರತೆಯ ಹೆಸರಿನಲ್ಲಿ ಜನರಿಗೆ ಕಲಿಸಬಾರದ ಪಾಠ ಏನಾದರೂ ಇದ್ದರೆ ಅದು ಇದೇ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇದು ಯಾರದೋ ಮೂರ್ಖತನದಿಂದ ಬಂದದ್ದಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು. 1990ರ ದಶಕದಲ್ಲಿ ಅಮೆರಿಕ ಬಲವಾದ ಗೂಢಲಿಪಿ ತಂತ್ರಾಂಶವನ್ನು ಹೊರದೇಶಗಳಿಗೆ ಕೊಡುತ್ತಿರಲಿಲ್ಲ. ಹೊರಗಿನವರಿಗೆ ಸಿಗುತ್ತಿದ್ದ ಬ್ರೌಸರಿನಲ್ಲಿ ಇದ್ದದ್ದು 40 ಬಿಟ್ಟಿನ ದುರ್ಬಲ ರಕ್ಷಣೆ. ಅಂಥದ್ದರ ಮೇಲೆ ಬ್ಯಾಂಕ್ ನಡೆಸಲು ಯಾವ ದೇಶ ಒಪ್ಪೀತು? ಕೊರಿಯಾದವರು 1998ರಲ್ಲಿ ‘ಸೀಡ್’ ಎಂಬ 128 ಬಿಟ್ಟಿನ ತಮ್ಮದೇ ಗೂಢಲಿಪಿ ವಿಧಾನ ರೂಪಿಸಿಕೊಂಡರು. ಬ್ರೌಸರಿಗೆ ಅದರ ಪರಿಚಯವಿರಲಿಲ್ಲವಾದ್ದರಿಂದ ಪ್ಲಗ್‌ಇನ್ ಮೂಲಕ ಸೇರಿಸಿದರು. 1999ರಲ್ಲಿ ಡಿಜಿಟಲ್ ಸಹಿಯ ಕಾಯ್ದೆ ಬಂತು. ಸರ್ಕಾರ ಮಾನ್ಯ ಮಾಡಿದ ಸಂಸ್ಥೆಗಳು ಕೊಡುವ, ವ್ಯಕ್ತಿಯ ಗುರುತು ಸಾರುವ ಡಿಜಿಟಲ್ ಪ್ರಮಾಣಪತ್ರವಿಲ್ಲದೆ ಬ್ಯಾಂಕ್ ವ್ಯವಹಾರ ಇಲ್ಲ, ಆನ್‌ಲೈನಿನಲ್ಲಿ 3,00,000 ವನ್ ಮೀರಿದ ಖರೀದಿಯೂ ಇಲ್ಲ ಎಂಬ ನಿಯಮಗಳು ಮುಂದಿನ ವರ್ಷಗಳಲ್ಲಿ ಬಂದವು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದರ ಮುಂದಿನ ಸಂಗತಿ. 2000ದ ಆರಂಭದಲ್ಲೇ ಅಮೆರಿಕ ಆ ನಿರ್ಬಂಧವನ್ನು ಸಡಿಲಿಸಿತು. ಬಲವಾದ ರಕ್ಷಣೆ ಎಲ್ಲರ ಬ್ರೌಸರಿಗೂ ಬಂತು. 2005ರ ಹೊತ್ತಿಗೆ ಸೀಡ್ ಕೂಡ ಅಂತರಜಾಲದ ಮುಕ್ತ ದಾಖಲೆಗಳಲ್ಲಿ ಸೇರಿ, ಯಾರು ಬೇಕಾದರೂ ಅಳವಡಿಸಿಕೊಳ್ಳಬಹುದಾದ ವಿಧಾನವಾಯಿತು. ಪ್ಲಗ್‌ಇನ್ ಬಂದ ಕಾರಣವೇ ಎರಡು ವರ್ಷದೊಳಗೆ ತೀರಿಹೋಗಿತ್ತು, ಪ್ಲಗ್‌ಇನ್ ಮಾತ್ರ ಇಪ್ಪತ್ತು ವರ್ಷ ಉಳಿಯಿತು. ನಿಯಮ ಅದರ ಮೇಲೆ ನಿಂತಿತ್ತು, ಅದನ್ನು ಮಾರುವ ಕಂಪನಿಗಳು ಅದರ ಮೇಲೆ ನಿಂತಿದ್ದವು, ಸಹಿ ಹಾಕಲು ಬೇಕಾದ ಗುಟ್ಟಿನ ಸಂಕೇತಗಳಾದ ಜನರ ಖಾಸಗಿ ಕೀಲಿಗಳು ಕಂಪ್ಯೂಟರಿನ ಒಂದು ಸಾಮಾನ್ಯ ಕಡತಕೋಶದಲ್ಲಿ ಕುಳಿತು ಅದಕ್ಕಾಗಿ ಕಾಯುತ್ತಿದ್ದವು.

ಅದನ್ನು ಅಲುಗಾಡಿಸಿದ್ದು ಯಾವ ತಜ್ಞರ ವಾದವೂ ಅಲ್ಲ. 2009ರ ನವೆಂಬರಿನಲ್ಲಿ ಇಲ್ಲಿಗೆ ಐಫೋನ್ ಬಂತು. ಅದರಲ್ಲಿ ಆಕ್ಟಿವ್‌ಎಕ್ಸ್ ಇರಲಿಲ್ಲ. ಅತ್ಯಂತ ಹೊಸ ಯಂತ್ರವನ್ನು ಕೈಯಲ್ಲಿ ಹಿಡಿದವರಿಗೆ ತಮ್ಮದೇ ದೇಶದ ಜಾಲತಾಣಗಳು ತೆರೆಯಲಿಲ್ಲ. 2014ರಲ್ಲಿ ಕೊರಿಯಾದ ಧಾರಾವಾಹಿಯೊಂದರ ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಚೀನಾದ ಅಭಿಮಾನಿಗಳು ಹೊರಟರೆ ಅವರಿಗೆ ಪ್ರಮಾಣಪತ್ರದ ಗೋಡೆ ಅಡ್ಡ ಬಂತು. ಅಂದಿನ ಅಧ್ಯಕ್ಷೆ ಪಾರ್ಕ್ ಗ್ಯೂನ್ ಹೈ ಈ ಸಂಗತಿಯನ್ನು ನಿಯಮ ಸುಧಾರಣೆಯ ಸಭೆಯಲ್ಲೇ ಎತ್ತಿದರು. ಆಮೇಲೆ ಬಂದ ಮೂನ್ ಜೇ ಇನ್ ಆಕ್ಟಿವ್‌ಎಕ್ಸ್ ತೆಗೆದುಹಾಕುವುದನ್ನು ಚುನಾವಣೆಯ ಭರವಸೆಯಾಗಿಯೇ ಕೊಟ್ಟರು. ಬ್ರೌಸರಿನ ಪ್ಲಗ್‌ಇನ್ ಒಂದು ದೇಶದ ಚುನಾವಣೆಯ ಮಾತಾಯಿತು! 2020ರ ಡಿಸೆಂಬರ್ 10ರಂದು ಆ ಮಾನ್ಯ ಪ್ರಮಾಣಪತ್ರದ ವಿಶೇಷ ಸ್ಥಾನ ಕಾನೂನಿನಿಂದಲೇ ಹೋಯಿತು. ಅದೇ ತಿಂಗಳ ಕೊನೆಗೆ ವಿಡಿಯೊ, ಆಟಗಳನ್ನು ತೋರಿಸುತ್ತಿದ್ದ ಫ್ಲ್ಯಾಶ್ ಎಂಬ ಪ್ಲಗ್‌ಇನ್ ಕೂಡ ಜಗತ್ತಿನಾದ್ಯಂತ ಕಣ್ಣು ಮುಚ್ಚಿತು.

ಇನ್ನು ನಮ್ಮ ಕಡೆಗೆ ನೋಡುತ್ತೇನೆ. ಪ್ರಮಾಣಪತ್ರವಿಲ್ಲದೆ ಬ್ಯಾಂಕ್ ವ್ಯವಹಾರವೇ ಇಲ್ಲ ಎನ್ನುವಂಥ ನಿಯಮ ನಮ್ಮಲ್ಲಿ ಇರಲಿಲ್ಲ. ಬದಲಿಗೆ ಇ-ಆಡಳಿತಕ್ಕೆ, ಯಾರು ಬೇಕಾದರೂ ಅಳವಡಿಸಿಕೊಳ್ಳಬಹುದಾದ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ಪ್ರಕಟಿಸಿತು. ಕೊರಿಯಾದವರು ತಪ್ಪು ನಿಯಮಕ್ಕೆ ಕಟ್ಟುಬಿದ್ದು ಇಪ್ಪತ್ತು ವರ್ಷ ನರಳಿದರು. ಸರಿಯಾದ ನೀತಿಯನ್ನು ಕಪಾಟಿನಲ್ಲಿಟ್ಟುಕೊಂಡು ಅದೇ ನರಳಾಟವನ್ನು ನಾವು ತಂದುಕೊಂಡಿದ್ದೇವೆ. ಮೊದಲು ಸಹಿಗೆ, ಪ್ಲಗ್‌ಇನ್ ಮೂಲಕ ಬ್ರೌಸರಿನಲ್ಲಿ ಓಡುವ ಜಾವಾ ಆಪ್ಲೆಟ್ ಎಂಬ ಪುಟ್ಟ ತಂತ್ರಾಂಶ ಇತ್ತು. 2015ರಲ್ಲಿ ಕ್ರೋಮ್ ಹಳೆಯ ಪ್ಲಗ್‌ಇನ್‌ಗಳಿಗೆ ಬಾಗಿಲು ಮುಚ್ಚಿತು, 2017ರಲ್ಲಿ ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವುಗಳಿಗೆ ಮುಚ್ಚಿತು. ಆಗ ನಮ್ಮ ಜಾಲತಾಣಗಳು ಮಾಡಿದ್ದೇನು? ಪ್ಲಗ್‌ಇನ್ ಅನ್ನು ಬ್ರೌಸರಿನಿಂದ ತೆಗೆದು ಅದರ ಪಕ್ಕದಲ್ಲಿ ಕೂರಿಸಿದವು. ಕಂಪ್ಯೂಟರಿನೊಳಗೇ ಒಂದು ಚಿಕ್ಕ ಸರ್ವರ್ ಓಡುತ್ತಿರುತ್ತದೆ, ಬ್ರೌಸರ್ ಅದರೊಡನೆ ಮಾತನಾಡುತ್ತದೆ. ಬ್ರೌಸರಿನ ಕಾವಲು ಅದಕ್ಕಿಲ್ಲ, ಆದರೆ ಬ್ರೌಸರ್ ಮುಚ್ಚಿದರೂ ಅದು ಎಚ್ಚರವಾಗಿಯೇ ಇರುತ್ತದೆ.

ಇದಕ್ಕೆ ಯಾರೂ ಕೋಪಿಸಿಕೊಳ್ಳುವುದಿಲ್ಲ ಎಂಬುದೇ ನನ್ನ ಸಂಕಟ. ಕೊರಿಯಾದಲ್ಲಿ ಪ್ರತಿ ಮನೆಯ ಮೇಜಿನ ಮೇಲೂ ಆ ಹಳೆಯ ಲ್ಯಾಪ್‌ಟಾಪ್ ಇತ್ತು, ಹಾಗಾಗಿ ಪ್ರತಿ ಮನೆಯಲ್ಲೂ ಸಿಟ್ಟಿತ್ತು. ನಮ್ಮಲ್ಲಿ ಆ ಲ್ಯಾಪ್‌ಟಾಪ್ ಸೈಬರ್ ಸೆಂಟರಿನಲ್ಲಿದೆ. ಆ ಹುಡುಗ ಪಾಪ ಒಳ್ಳೆಯವನು, ಎಲ್ಲರ ಟೋಕನ್ನಿನ ಪಿನ್ ಸಂಖ್ಯೆಯೂ ಅವನ ನೋಟ್‌ಬುಕ್ಕಿನಲ್ಲಿದೆ. ನನ್ನ ಸಹಿ ನಾನಲ್ಲದೆ ಬೇರಾರೂ ಹಾಕಲಾಗದ್ದು ಎಂಬುದಕ್ಕಾಗಿಯೇ ಟೋಕನ್ ಹುಟ್ಟಿತು. ಈಗ ಅದನ್ನು ಇನ್ನೊಬ್ಬರ ಕೈಗೆ ಕೊಡದೆ ಸಹಿ ಬೀಳುವುದಿಲ್ಲ. ಅಣ್ಣನಿಗೆ ಇದನ್ನು ಹೇಳಿದರೆ, "ಕೆಲಸ ಆಗುತ್ತದಲ್ಲ, ಬಿಡು" ಎಂದ.

ಅಕ್ಷರದ ವಿಷಯವೂ ಇದೇ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಆದೇಶವನ್ನು ನಾನು ಇಲ್ಲಿ ತೆರೆದು ಒಂದು ಸಾಲು ನಕಲು ಮಾಡಿದರೆ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಉದುರುತ್ತವೆ. ‘ನ’ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ನಿಂತಿರುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಊರಿನಲ್ಲಿರುವವರಿಗೆ ಈ ತೊಂದರೆ ಗೊತ್ತಾಗುವುದಿಲ್ಲ, ಅವರ ಯಂತ್ರದಲ್ಲಿ ಫಾಂಟ್ ಇರುತ್ತದೆ. ಹೊರಗಿರುವ ನಮಗೆ ನಮ್ಮ ಭಾಷೆಯೇ ಒಂದು ಪ್ಲಗ್‌ಇನ್ ಕೇಳುತ್ತದೆ.

ಹೀಗೆ ಬರೆಯುತ್ತಾ ಹೋದರೆ ಇಲ್ಲಿಯವರೆಲ್ಲ ಜಾಣರು, ನಮ್ಮವರೆಲ್ಲ ದಡ್ಡರು ಎಂದಂತೆ ಆಗುತ್ತದೆ. ನನ್ನ ಕೊರಿಯನ್ ಗೆಳೆಯ ಇದನ್ನು ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಆಕ್ಟಿವ್‌ಎಕ್ಸ್ ಹೋದ ಮೇಲೂ ಇಲ್ಲಿಯ ಅನೇಕ ಬ್ಯಾಂಕುಗಳು ಭದ್ರತಾ ತಂತ್ರಾಂಶಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ ಎನ್ನುತ್ತವೆ. 2023ರ ಆರಂಭದಲ್ಲಿ ಜರ್ಮನಿಯ ಸಂಶೋಧಕರೊಬ್ಬರು ಅವುಗಳಲ್ಲಿ ಕೆಲವನ್ನು ಬಿಡಿಸಿ ನೋಡಿ, ರಕ್ಷಣೆ ಕೊಡಬೇಕಾದವೇ ದಾಳಿಗೆ ದಾರಿ ಮಾಡಿಕೊಡುತ್ತವೆ ಎಂದು ತೋರಿಸಿದರು. ಇಲ್ಲಿಯ ಕಚೇರಿಗಳ ಕಾಗದಗಳೂ ಬಹುಕಾಲದಿಂದ ಇಲ್ಲಿಯದೇ ಕಂಪನಿಯೊಂದರ ‘ಹಂಗುಲ್’ ಪದಸಂಸ್ಕಾರಕದ ಕಡತಗಳಲ್ಲೇ ಬರುತ್ತಿವೆ. ಅದರ ರಚನೆಯ ವಿವರವನ್ನು ಕಂಪನಿ ಪ್ರಕಟಿಸಿದ್ದೇ 2010ರಲ್ಲಿ. ಮೊನ್ನೆ ನನ್ನ ಕೆಲಸ ಬೇಗ ಮುಗಿದದ್ದು ನನ್ನ ಬ್ಯಾಂಕ್ ಹೊಸ ದಾರಿ ಹಿಡಿದಿದ್ದರಿಂದ. ಪಕ್ಕದ ಬೀದಿಯ ಬ್ಯಾಂಕಿನಲ್ಲಿ ಖಾತೆ ಇದ್ದಿದ್ದರೆ ಈ ಬರಹದ ಧಾಟಿಯೇ ಬೇರೆಯಾಗುತ್ತಿತ್ತೇನೋ.

ಟೋಕನ್ನಿನ ವಿಷಯದಲ್ಲೂ ನಮ್ಮವರದೇ ಪೂರ್ತಿ ತಪ್ಪು ಎನ್ನಲಾರೆ. ಬ್ರೌಸರಿನೊಳಗೆ ಗೂಢಲಿಪಿಯ ಕೆಲಸ ಮಾಡುವ ಮಾನಕ 2017ರಲ್ಲೇ ಬಂದಿದೆ, ಬೆರಳಚ್ಚಿನಿಂದ ಗುರುತು ಹೇಳುವ ಮಾನಕ 2019ರಲ್ಲಿ ಬಂದಿದೆ. ಆದರೆ ಯುಎಸ್‌ಬಿಯಲ್ಲಿ ಚುಚ್ಚಿದ ಸಹಿಯ ಟೋಕನ್ ಅನ್ನು ಮುಟ್ಟಲು ಮೊದಲನೆಯದರಲ್ಲಿ ದಾರಿಯಿಲ್ಲ, ಕಡತಕ್ಕೆ ಕಾನೂನಿನ ಸಹಿ ಹಾಕುವುದು ಎರಡನೆಯದರ ಕೆಲಸವಲ್ಲ. ಮಾನಕಗಳು ನಿಧಾನವಾಗಿ ಬರುತ್ತವೆ, ಅಲ್ಲಿಯವರೆಗೆ ಯಾರಾದರೂ ಏನಾದರೂ ಕಟ್ಟಲೇಬೇಕು. ಬ್ರೌಸರಿಗೆ ತಾನಾಗಿ ವಿಡಿಯೊ ತೋರಿಸಲು ಬರದ ಕಾಲದಲ್ಲಿ ಫ್ಲ್ಯಾಶ್ ತೋರಿಸಿತು. ವಿಂಡೋಸ್ ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸದ ದಿನಗಳಲ್ಲಿ ಬರಹ, ನುಡಿ ಇಲ್ಲದಿದ್ದರೆ ಕನ್ನಡ ಇಷ್ಟು ಜನರ ಕಂಪ್ಯೂಟರಿಗೆ ಬರುತ್ತಿರಲಿಲ್ಲವೇನೋ. 2000ದ ಸುಮಾರಿನಲ್ಲಿ ನಾನು ಮೊದಲ ಬಾರಿ ಪರದೆಯ ಮೇಲೆ ಅಪ್ಪನ ಹೆಸರನ್ನು ಕನ್ನಡದಲ್ಲಿ ಮೂಡಿಸಿದ್ದು ಬರಹದಲ್ಲೇ, ಆ ಸಂತೋಷವನ್ನು ಮರೆತಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಬೇಕೆಂದಾಗ ನಮ್ಮವರು ಕಟ್ಟಬಲ್ಲರು. 2016ರಲ್ಲಿ ಬಂದ ಯುಪಿಐನಲ್ಲಿ ಯಾವ ಬ್ಯಾಂಕಿನ ಖಾತೆಯಿಂದ ಯಾವ ಬ್ಯಾಂಕಿನ ಖಾತೆಗೂ, ಯಾರ ಆ್ಯಪ್ ಆದರೂ ಸರಿ, ಹಣ ಹೋಗುತ್ತದೆ. ಇದನ್ನು ಮಾಡಿದವರೇ ಸಹಿಯ ಪುಟದಲ್ಲಿ ವಿಂಡೋಸ್ ಮಾತ್ರ ಎಂದು ಬರೆದು ಸುಮ್ಮನಿರುವುದೇ ನನಗೆ ಹೆಚ್ಚು ನೋವು ಕೊಡುತ್ತದೆ.

ಕೊನೆಗೆ ಟೋಕನ್ ಕೊರಿಯರ್ ಮಾಡಿದೆ. ವಾರದ ಮೇಲೆ ಅಣ್ಣ ಸ್ವೀಕೃತಿಯನ್ನು ಕಳುಹಿಸಿದ. ಅದರ ಜೊತೆಗೆ ಟ್ರಸ್ಟಿಗೆ ಊರಿನ ಕಚೇರಿಯಿಂದ ಬಂದಿದ್ದ ನಾಲ್ಕು ಪುಟದ ಕನ್ನಡ ಪತ್ರವೂ ಇತ್ತು. ನಮ್ಮ ವಿಷಯ ಯಾವ ಪುಟದಲ್ಲಿದೆ ಎಂದು ತಿಳಿಯಲು ಹುಡುಕುವ ಪೆಟ್ಟಿಗೆಯಲ್ಲಿ ಅಪ್ಪನ ಹೆಸರನ್ನು ಟೈಪ್ ಮಾಡಿದೆ. ಅಂಥ ಪದ ಇಲ್ಲ ಎಂದಿತು. ಹೆಸರು ಎರಡನೆಯ ಪುಟದ ಮೇಲ್ತುದಿಯಲ್ಲಿ, ದಪ್ಪಕ್ಷರದಲ್ಲಿ ಇತ್ತು.