ಬೆಟ್ಟ ಹತ್ತುವಾಗ ನಡೆದರೆ ತಪ್ಪೇನು?

ಕಬ್ಬನ್ ಪಾರ್ಕಿನಲ್ಲಿ ವರ್ಷಗಟ್ಟಲೆ ಓಡಿ ಪಳಗಿದವರು ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಗುಡ್ಡಕ್ಕೆ ಮೊದಲ ಸಲ ಬಂದಾಗ ಏರು ಶುರುವಾದ ತಕ್ಷಣ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಕಿಲೋಮೀಟರಿಗೆ ಆರು ನಿಮಿಷ ಇದ್ದದ್ದು ಒಂಬತ್ತಕ್ಕೆ ಹೋಗಿರುತ್ತದೆ. ಮುಖ ಸಪ್ಪಗಾಗುತ್ತದೆ. ಏದುಸಿರು ಬಿಡುತ್ತಿದ್ದರೂ ನಡೆಯಲು ಮಾತ್ರ ಮನಸ್ಸೊಪ್ಪುವುದಿಲ್ಲ, ನಡೆದರೆ ಮಾನ ಹರಾಜಾಗುತ್ತದೆ ಎಂಬಂತೆ.

ನಡೆಯಿರಿ ಸ್ವಾಮಿ! ಕಡಿದಾದ ಏರಿನಲ್ಲಿ ಗೆಲ್ಲುವ ಓಟಗಾರರೇ ತೊಡೆಯ ಮೇಲೆ ಕೈಯೂರಿ ನಡೆಯುತ್ತಾರೆ, ಏಕೆಂದರೆ ಅಲ್ಲಿ ಓಡಿದರೂ ವೇಗ ಹೆಚ್ಚುವುದು ಅಷ್ಟಕ್ಕಷ್ಟೇ, ಸುಸ್ತು ಮಾತ್ರ ಜಾಸ್ತಿ. ಟ್ರೈಲ್ ಓಟ, ಅಂದರೆ ಗುಡ್ಡ-ಕಾಡಿನ ಕಾಲುದಾರಿಯ ಓಟ, ನನಗೆ ಕೊಟ್ಟ ದೊಡ್ಡ ಲಾಭವೆಂದರೆ ಈ ನಿಮಿಷದ ಲೆಕ್ಕದಿಂದ ಸಿಕ್ಕ ಬಿಡುಗಡೆ.

ಆದರೆ ಟ್ರೈಲ್ ಪ್ರಿಯರು ಸದಾ ಹೇಳುವ ‘ಮಣ್ಣು ಮೆದು, ಮಂಡಿಗೆ ಒಳ್ಳೆಯದು’ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನೆಲ ಮೆದುವಾದರೆ ಕಾಲು ಬಿಗಿಯಾಗುತ್ತದೆ, ನೆಲ ಗಟ್ಟಿಯಾದರೆ ಕಾಲು ತುಸು ಸಡಿಲವಾಗುತ್ತದೆ. ದೇಹದ ಈ ಹೊಂದಾಣಿಕೆಯನ್ನು ಪ್ರಯೋಗಗಳಲ್ಲಿ ಅಳೆದಿದ್ದಾರೆ. ಹಾಗಾಗಿ ನೆಲ ಮೆದುವಾದ ಮಾತ್ರಕ್ಕೆ ಮಂಡಿಯ ಹೊರೆ ಇಳಿಯುತ್ತದೆ ಎನ್ನಲಾಗದು. ಅಷ್ಟಕ್ಕೂ ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಮೆದು ಮಣ್ಣು ಎಲ್ಲಿದೆ? ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಂಥ ನೆಲದ ಮೇಲೆ ಊರು ಕಟ್ಟಿಕೊಂಡವರು ನಾವು. ಟ್ರೈಲ್‌ನ ನಿಜವಾದ ಅನುಕೂಲ ಬೇರೆ: ರಸ್ತೆಯಲ್ಲಿ ಒಂದೇ ಬಗೆಯ ಹೆಜ್ಜೆ ಸಾವಿರಾರು ಬಾರಿ ಬೀಳುತ್ತದೆ, ಇಲ್ಲಿ ಎರಡು ಹೆಜ್ಜೆ ಒಂದೇ ತರಹ ಬೀಳುವುದು ಅಪರೂಪ.

ಅಸಲಿ ಪರೀಕ್ಷೆ ಇರುವುದು ಇಳಿಯುವಾಗ. ಬಂಡೆಯ ಮೇಲೆ ಉದುರಿದ ಸಣ್ಣ ಹರಳುಗಳು ಬೂಟಿನ ಅಡಿಯಲ್ಲಿ ಉರುಳುತ್ತವೆ. ಹೆದರಿ ಹಿಂದಕ್ಕೆ ವಾಲಿದಿರೋ, ಹಿಮ್ಮಡಿ ಜಾರಿ ಕುಂಡೆ ನೆಲಕ್ಕೆ. ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಹೆಜ್ಜೆ ಚಿಕ್ಕದಾಗಿ ಚುರುಕಾಗಿರಬೇಕು, ತೂಕ ಹೊಂದಿಸಲು ಕೈಗಳು ಅಗಲವಾಗಿರಬೇಕು. ಕಣ್ಣು ಇಟ್ಟ ಹೆಜ್ಜೆಯ ಮೇಲಿರದೆ ನಾಲ್ಕಾರು ಹೆಜ್ಜೆ ಮುಂದಿರಬೇಕು. ಮೊಣಕಾಲು ಕೆರೆಯುವ ಲಂಟಾನ, ಕಾಲುಚೀಲಕ್ಕೆ ಅಂಟುವ ಉತ್ತರಾಣಿ ಬೀಜ ಇವೆಲ್ಲ ಪುಕ್ಕಟೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾದ್ದರಿಂದ ಅದರ ಎಳೆಗಳಿಗೆ ಪೆಟ್ಟಾಗುತ್ತದೆ. ಮರುದಿನ, ಅದರ ಮರುದಿನ ಕಚೇರಿಯ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡಲಾಗಿ ಇಳಿಯುವವರನ್ನು ಕಂಡರೆ ಭಾನುವಾರ ಎಲ್ಲಿಗೆ ಹೋಗಿದ್ದರೆಂದು ಕೇಳುವ ಅಗತ್ಯವೇ ಇಲ್ಲ. ಎರಡನೆಯ ಸಲ ಈ ನೋವು ಅಷ್ಟಿರುವುದಿಲ್ಲ. ಸ್ನಾಯು ಬೇಗ ಕಲಿಯುತ್ತದೆ.

ಇಷ್ಟೆಲ್ಲ ಹೇಳಿದರೂ ರಸ್ತೆ ಓಟವನ್ನು ಕೀಳಾಗಿ ಕಾಣುವವರ ಧಿಮಾಕು ನನಗೆ ಹಿಡಿಸುವುದಿಲ್ಲ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಹೋದ ವರ್ಷದ ನಿಮ್ಮೊಂದಿಗೆ ನೀವೇ ಪೈಪೋಟಿ ಮಾಡಬಹುದು. ಆ ಹೋಲಿಕೆಯ ಸುಖ ಗುಡ್ಡದಲ್ಲಿಲ್ಲ, ಒಂದು ಮಳೆ ಬಿದ್ದರೆ ಅದೇ ದಾರಿ ಬೇರೆ ದಾರಿಯಾಗುತ್ತದೆ. ರಸ್ತೆಗೆ ಬಾಗಿಲು ತೆರೆದರೆ ಸಾಕು. ಸಾವನದುರ್ಗಕ್ಕೋ ನಂದಿಬೆಟ್ಟಕ್ಕೋ ಹೋಗಲು ನಸುಕಿನಲ್ಲೇ ಕಾರು ಹೊರಡಿಸಬೇಕು, ಜೊತೆಗೊಬ್ಬರು ಬೇಕು. ಒಂಟಿಯಾಗಿ ಕಾಲು ಉಳುಕಿಸಿಕೊಂಡರೆ ಎತ್ತಿ ತರುವವರಿರುವುದಿಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಈ ಲೆಕ್ಕ ಇನ್ನೂ ಕಠಿಣ. ಹಾಗಾಗಿ ವಾರದ ದಿನಗಳಲ್ಲಿ ನಾನೂ ಡಾಂಬರಿನವನೇ.

ನನ್ನ ತಕರಾರು ಇರುವುದು ಗುಡ್ಡವನ್ನೇ ರಸ್ತೆ ಮಾಡಹೊರಡುವವರ ಮೇಲೆ. 2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದ್ದರು. ಓಡುವ ನಮ್ಮಲ್ಲೇ ಕೆಲವರು ‘ಅಚ್ಚುಕಟ್ಟಾದ ಟ್ರ್ಯಾಕ್ ಬಂದರೆ ಒಳ್ಳೆಯದಲ್ಲವೇ’ ಎನ್ನುವುದನ್ನು ಕೇಳಿ ಮೈ ಉರಿಯಿತು. ಟೈಲ್ಸ್ ಹಾಸಿದ ಪಾರ್ಕುಗಳು ಬಡಾವಣೆಗೊಂದರಂತೆ ಇವೆಯಲ್ಲ, ಅಲ್ಲಿ ಓಡಲಿ. ಗುಡ್ಡದಲ್ಲಿ ಓಡುವಾಗ ಬ್ಲೂಟೂತ್ ಸ್ಪೀಕರ್ ಮನೆಯಲ್ಲಿರಲಿ, ಶಕ್ತಿಗೆಂದು ಜೆಲ್ ಹೀರಿದ ಮೇಲೆ ಅದರ ಪೊಟ್ಟಣ ಜೇಬಿನಲ್ಲಿರಲಿ, ಅರಣ್ಯ ಇಲಾಖೆ ಬೇಡವೆಂದ ಕಡೆ ನುಗ್ಗುವುದು ಬೇಡ.